ದೇವನೂರಿನ ಮಲ್ಲಿಕಾಂಬ ಸೆಗ್ವೇ ಹತ್ತಿದ್ದು

ದೇವನೂರಿನಲ್ಲಿ ಮಲ್ಲಿಕಾಂಬ ಎದುರಿಗೆ ಬಂದರೆ ಗಂಡಸರೂ ಸ್ವಲ್ಪ ಸರಿದು ದಾರಿ ಬಿಡುತ್ತಿದ್ದರು. ಹೆಂಗಸರ ಹಾಲಿನ ಡೇರಿಗೆ ಅವಳು ಅಧ್ಯಕ್ಷೆಯಾದ ಹೊಸದರಲ್ಲಿ, ಹಾಲಿಗೆ ನೀರು ಬೆರೆಸಿ ತಂದಿದ್ದ ಸ್ವಂತ ಓರಗಿತ್ತಿಯ ಕ್ಯಾನನ್ನೇ ಎಲ್ಲರೆದುರು ಚರಂಡಿಗೆ ಬಗ್ಗಿಸಿದ್ದಳು. ಹಾಲಿನ ಲಾರಿ ದಿನವೂ ಹೊತ್ತು ಮೀರಿ ಬಂದು ಹಾಲು ಒಡೆಯತೊಡಗಿದಾಗ, ರಸ್ತೆಗೆ ಅಡ್ಡಲಾಗಿ ಖಾಲಿ ಕ್ಯಾನುಗಳನ್ನು ಜೋಡಿಸಿ ಅವುಗಳ ಹಿಂದೆ ತಾನೇ ಕುಕ್ಕರಗಾಲಲ್ಲಿ ಕೂತಿದ್ದಳು. ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ ಕೆಳಗಿಳಿದು ಬಂದು ಕೈಮುಗಿದಿದ್ದ.

"ಆ ಯಮ್ಮಂಗೆ ಹೆದ್ರಿಕೆ ಅನ್ನೋದೇ ಇಲ್ಲ ಕಣ್ರೀ," ಅನ್ನುತ್ತಿದ್ದರು ಜನ.

ಅದು ಸುಳ್ಳೆಂದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಮಲ್ಲಿಕಾಂಬ. ಇನ್ನೊಬ್ಬ ಅವಳ ಗಂಡ ರುದ್ರಮೂರ್ತಿ.

ಮಲ್ಲಿಕಾಂಬನಿಗೆ ಎರಡು ಚಕ್ರದ ಗಾಡಿ ಕಂಡರೆ ಆಗುತ್ತಿರಲಿಲ್ಲ. ಇದು ಹುಟ್ಟಿನಿಂದ ಬಂದದ್ದಲ್ಲ. ನಲವತ್ತರ ಆಸುಪಾಸಿನಲ್ಲಿ, ಹುರುಳಿ ಕೀಳುವ ಕಾಲದಲ್ಲಿ ಹಿಡಿದುಕೊಂಡದ್ದು. ಕಡೂರಿನ ಕಡೆ ಹುರುಳಿ ಕಿತ್ತವರು ಕಣ ಮಾಡುವ ಗೋಜಿಗೆ ಹೋಗುವುದಿಲ್ಲ. ಬಳ್ಳಿಯನ್ನೆಲ್ಲ ತಂದು ಟಾರು ರಸ್ತೆಯ ಮೇಲೆ ಹರಡಿಬಿಡುತ್ತಾರೆ. ಬಸ್ಸು ಲಾರಿಗಳು ಅದರ ಮೇಲೆ ಹಾದು ಹಾದು ಕಾಳು ಬಿಡಿಸಿಕೊಡುತ್ತವೆ. ಆವತ್ತು ರುದ್ರಮೂರ್ತಿಯ ಮೊಪೆಡ್ಡಿನ ಹಿಂದೆ ಒಂದು ಮಗ್ಗುಲಾಗಿ ಕೂತು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಅವಳು ಸಂತೆಯಿಂದ ಬರುತ್ತಿದ್ದಳು. ಹುರುಳಿ ಬಳ್ಳಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತು. ಗಾಡಿ ಜಾರಿತು. ರುದ್ರಮೂರ್ತಿ ಬಳ್ಳಿಯ ಮೆತ್ತೆಯ ಮೇಲೆ ಬಿದ್ದು ಮೈ ಕೊಡವಿಕೊಂಡು ಎದ್ದ. ಮಲ್ಲಿಕಾಂಬ ಬಿದ್ದದ್ದು ಬರಿ ರಸ್ತೆಯ ಮೇಲೆ. ಸೊಂಟದ ಮೂಳೆ ಮುರಿಯಿತು.

ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ಒಳಗೆ ಸ್ಟೀಲಿನ ಪ್ಲೇಟು ಕೂರಿಸಿದರು. ಸುಗ್ಗಿ ಕಳೆದು ಯುಗಾದಿ ಬರುವವರೆಗೆ ಅವಳು ಮಂಚ ಬಿಟ್ಟು ಏಳಲಿಲ್ಲ. ಆ ನೋವನ್ನು ಕ್ರಮೇಣ ಮರೆತಳು. ಮರೆಯಲಾಗದ್ದು ಆ ಒಂದು ಗಳಿಗೆ. ಕೆಳಗಿದ್ದ ರಸ್ತೆಯನ್ನು ಯಾರೋ ಚಾಪೆ ಎಳೆದಂತೆ ಎಳೆದುಕೊಂಡದ್ದು, ಕೈಗೆ ಹಿಡಿಯಲು ಏನೂ ಸಿಗದೇ ಹೋದದ್ದು. ಅಲ್ಲಿಂದೀಚೆಗೆ ಅವಳು ಯಾರ ಬೈಕನ್ನೂ ಹತ್ತಲಿಲ್ಲ. ಬಸ್ಸಿದ್ದರೆ ಬಸ್ಸು, ಇಲ್ಲದಿದ್ದರೆ ನಡಿಗೆ. "ಬಾರಕ್ಕಾ, ಬಿಟ್ಬಿಡ್ತೀನಿ," ಅಂತ ಯಾರಾದರೂ ಗಾಡಿ ನಿಲ್ಲಿಸಿದರೆ, "ದಿನಾ ನಡೀಬೇಕು ಅಂತ ಡಾಕ್ಟ್ರು ಹೇಳವ್ರಪ್ಪಾ," ಅಂದು ಮುಂದೆ ಹೋಗುತ್ತಿದ್ದಳು. ಬೈಕು ಹತ್ತಿರ ಬಂದು ನಿಂತಾಗ ಅವಳ ಅಂಗೈ ಬೆವರುತ್ತಿದ್ದದ್ದು ಯಾರಿಗೂ ಕಾಣುತ್ತಿರಲಿಲ್ಲ.

ಹೀಗಿರುವಾಗ ಡೇರಿಯ ಅಧ್ಯಕ್ಷೆಯರನ್ನು ಗುಜರಾತಿಗೆ ಪ್ರವಾಸ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಆಣಂದದಲ್ಲಿ ಹೈನುಗಾರಿಕೆ ನೋಡುವುದು, ಕೊನೆಯ ದಿನ ಅಹಮದಾಬಾದ್ ನಗರ ಸುತ್ತಿ ರೈಲು ಹತ್ತುವುದು. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಬೀರೂರಿನಲ್ಲಿ ರೈಲು ಹತ್ತಿದರು. ಅವರ ಜೊತೆ ಬಂದವಳು ಸ್ಫೂರ್ತಿ. ಹಳ್ಳಿ ಹಳ್ಳಿಯ ಡೇರಿಗಳನ್ನು ನೋಡಿಕೊಳ್ಳುವ ಅಧಿಕಾರಿ, ಇನ್ನೂ ಇಪ್ಪತ್ತೆಂಟರ ಹುಡುಗಿ. ಸ್ಕೂಟರಿನಲ್ಲಿ ಊರೂರು ಸುತ್ತುವವಳು. ಹೆಂಗಸರು ಅವಳನ್ನು ಎದುರಿಗೆ ಮೇಡಂ ಎಂದೂ ಹಿಂದಿನಿಂದ ನಮ್ಮ ಹುಡುಗಿ ಎಂದೂ ಕರೆಯುತ್ತಿದ್ದರು.

ರೈಲಿನಲ್ಲಿ ಮಲ್ಲಿಕಾಂಬನ ಪಕ್ಕದ ಸೀಟು ಸಿಂಗಟಗೆರೆಯ ಕಾಮಾಕ್ಷಮ್ಮನದು. ಅರವತ್ತೈದು ದಾಟಿದ ಹೆಂಗಸು, ತೆಂಗಿನ ತೋಟದ ಯಜಮಾನಿ. ಸುರಂಗ ಬಂದಾಗಲೆಲ್ಲ ಚಿಕ್ಕ ಹುಡುಗಿಯ ಹಾಗೆ ಕೂಗು ಹಾಕಿ ಇಡೀ ಬೋಗಿಯನ್ನು ನಗಿಸಿದವಳು.

ಆಣಂದದ ಕೆಲಸ ಮುಗಿಯಿತು. ಅಹಮದಾಬಾದಿನಲ್ಲಿ ಬೆಳಿಗ್ಗೆ ಎಲ್ಲರನ್ನೂ ಸಾಬರಮತಿ ಹೊಳೆಯ ದಂಡೆಗೆ ಕರೆತಂದರು. ಸಂಕ್ರಾಂತಿ ಹತ್ತಿರವಿತ್ತು, ಚಳಿ ಚೆನ್ನಾಗಿಯೇ ಇತ್ತು. ಹೊಳೆಯ ಎರಡೂ ಮಗ್ಗುಲಿಗೆ ಕಾಂಕ್ರೀಟು ಗೋಡೆ ಕಟ್ಟಿ, ನೀರಿನ ಪಕ್ಕದಲ್ಲೇ ಅಗಲವಾಗಿ ಕಲ್ಲು ಹಾಸಿ ದಾರಿ ಮಾಡಿದ್ದರು. ತಮ್ಮೂರ ವೇದಾವತಿ ಹೊಳೆಯಲ್ಲಿ ಬರೀ ಮರಳು ನೋಡಿ ಬೆಳೆದ ಹೆಂಗಸರು ಅಷ್ಟು ನೀರು ಅಲುಗದೆ ನಿಂತದ್ದನ್ನು ಅಂಚಿಗೆ ಹೋಗಿ ಬಗ್ಗಿ ನೋಡಿದರು.

"ಇದೇನವ್ವಾ, ನಮ್ಮ ಅಯ್ಯನಕೆರೆನ ಉದ್ದಕ್ಕೆ ಎಳ್ದು ಇಟ್ಟಂಗೆ ಐತೆ," ಅಂದಳು ಕಾಮಾಕ್ಷಮ್ಮ.

ಆ ದಾರಿಯ ತುದಿಯಲ್ಲಿ ಒಂದು ಗುಡಾರ, ಗುಡಾರದ ಮುಂದೆ ಸಾಲಾಗಿ ನಿಂತ ವಿಚಿತ್ರ ಗಾಡಿಗಳು. ಒಂದು ಮಣೆಯಷ್ಟು ಅಗಲದ ತಟ್ಟೆ, ಅದರ ಎಡಕ್ಕೊಂದು ಬಲಕ್ಕೊಂದು ದಪ್ಪ ಚಕ್ರ, ಮುಂದೆ ಎದೆಯವರೆಗೆ ಬರುವ ಒಂದು ಕಂಬಿ, ಕಂಬಿಯ ತುದಿಗೆ ಹಿಡಿ. ಕೂರಲು ಜಾಗವಿಲ್ಲ.

"ಇದಕ್ಕೆ ಸೆಗ್ವೇ ಅಂತಾರೆ," ಅಂದಳು ಸ್ಫೂರ್ತಿ. "ಮೇಲೆ ನಿಂತ್ಕೊಂಡ್ರೆ ಸಾಕು, ಅದೇ ಹೋಗುತ್ತೆ. ಜೊತೇಲಿ ಗೈಡು ಬಂದು ಹೊಳೆದಂಡೆ ಪೂರ್ತಿ ತೋರಿಸ್ತಾನೆ. ಯಾರ್ಯಾರು ಬರ್ತೀರಾ?"

ಹೆಂಗಸರು ಒಬ್ಬರ ಹಿಂದೆ ಒಬ್ಬರು ಅವಿತುಕೊಂಡರು. ಕಾಮಾಕ್ಷಮ್ಮ ಮಾತ್ರ ಆಗಲೇ ಸೀರೆಯ ನೆರಿಗೆ ಎತ್ತಿ, ಗದ್ದೆಗಿಳಿಯುವವಳಂತೆ ಗಂಡುಗಚ್ಚೆ ಕಟ್ಟತೊಡಗಿದ್ದಳು.

ಮಲ್ಲಿಕಾಂಬ ಗಾಡಿಯ ಚಕ್ರಗಳನ್ನೇ ನೋಡುತ್ತಿದ್ದಳು. ನೊಗ ಕಳಚಿ ಎತ್ತು ಬಿಟ್ಟ ಗಾಡಿಯ ಹಾಗೆ ಕಂಡಿತು ಅವಳಿಗೆ. ಎತ್ತು ಕಟ್ಟದ ಗಾಡಿಯ ಮೇಲೆ ಯಾರಾದರೂ ನಿಲ್ಲುತ್ತಾರೆಯೇ? ಹಿಂದೆ ಭಾರ ಬಿದ್ದರೆ ನೊಗ ಕಟ್ಟುವ ಮೂಕಿ ಮೇಲೇಳುತ್ತದೆ, ಮುಂದೆ ಬಿದ್ದರೆ ಮೂತಿ ನೆಲಕ್ಕೆ. ಅವಳು ಮೆಲ್ಲಗೆ ದಂಡೆಯ ಬೆಂಚಿನ ಕಡೆ ಹೆಜ್ಜೆ ಹಾಕಿದಳು.

"ಎಲ್ಲಿಗೆ ಹೊಂಟ್ಯೇ ಮಲ್ಲಿಕಾಂಬ?" ಕಾಮಾಕ್ಷಮ್ಮನ ದನಿ ಇಡೀ ದಂಡೆಗೆ ಕೇಳಿಸಿತು. "ಲಾರಿಗೇ ಅಡ್ಡ ಕೂತೋಳು ನೀನು. ನೀನೇ ಹಿಂಗೆ ಹಿಂದಕ್ಕೆ ಸರಿದ್ರೆ ನಾನೊಬ್ಳೇ ಹೋಗ್ಲಾ?"

ಎಲ್ಲರೂ ಅವಳತ್ತ ತಿರುಗಿದರು. ಅಜ್ಜಂಪುರದ ಕಡೆಯವಳೊಬ್ಬಳು, "ಮಲ್ಲಿಕಾಂಬಕ್ಕ ಹೋಗ್ತಾರೆ ಬಿಡಿ, ಅವರಿಗೇನು," ಅಂದಳು. ಮಲ್ಲಿಕಾಂಬ ಸೊಂಟ ನೋವು ಅನ್ನಬಹುದಿತ್ತು. ತಲೆಸುತ್ತು ಅನ್ನಬಹುದಿತ್ತು. ಆದರೆ ಇಷ್ಟು ಕಣ್ಣುಗಳ ಮುಂದೆ ಅವಳು ಎಂದೂ ಬೇಡ ಅಂದವಳಲ್ಲ. ಬಾಯಿಂದ ಬಂದದ್ದು, "ಎಲ್ಲಿಗೂ ಇಲ್ಲ ಕಣಕ್ಕಾ, ಚಪ್ಪಲಿ ಸರಿ ಮಾಡ್ಕೊತಿದ್ದೆ."

ಗೈಡಿನ ಹೆಸರು ಭಾವೇಶ್. ಸಣಕಲು ಮೈಯ, ನಗುಮುಖದ ಯುವಕ. ಹಿಂದಿಯಲ್ಲಿ ಮಾತಾಡುತ್ತಿದ್ದ, ಸ್ಫೂರ್ತಿ ಅದನ್ನು ಕನ್ನಡಕ್ಕೆ ಹೇಳುತ್ತಿದ್ದಳು. ಅವನು ಮಲ್ಲಿಕಾಂಬನ ತುರುಬಿನ ಮೇಲೆ ಹೆಲ್ಮೆಟ್ಟು ಕೂರದೇ ಇದ್ದದ್ದನ್ನು ಕಂಡು, ತುರುಬು ಬಿಚ್ಚಿ ಜಡೆ ಹಾಕಿಕೊಳ್ಳಲು ಹೇಳಿದ. ಬೆರಳು ನಡುಗಿ ಜಡೆ ಹೆಣೆಯಲಾಗಲಿಲ್ಲ. ಸ್ಫೂರ್ತಿಯೇ ಹಿಂದೆ ನಿಂತು ಹೆಣೆದಳು.

"ಚಳಿ ಅಲ್ವಾ ಅಕ್ಕಾ," ಅಂದಳು.

"ಹೂಂ, ಚಳಿ," ಅಂದಳು ಮಲ್ಲಿಕಾಂಬ.

"ಮುಂದಕ್ಕೆ ವಾಲಿದ್ರೆ ಮುಂದೆ ಹೋಗುತ್ತಂತೆ. ನೆಟ್ಟಗೆ ನಿಂತ್ರೆ ನಿಲ್ಲುತ್ತಂತೆ. ಹಿಂದಕ್ಕೆ ವಾಲಿದ್ರೆ ಹಿಂದೆ. ಅಷ್ಟೇ. ಬ್ರೇಕು ಗೀಕು ಏನೂ ಇಲ್ಲ."

"ಬ್ರೇಕೇ ಇಲ್ವಾ?"

"ಇಲ್ಲಾಕ್ಕ, ನಮ್ ಮೈಯೇ ಬ್ರೇಕು."

ಭಾವೇಶ್ ಹಿಡಿ ಹಿಡಿದುಕೊಂಡು ಹತ್ತಿ ಎಂದು ಕಣ್ಸನ್ನೆ ಮಾಡಿದ. ಮಲ್ಲಿಕಾಂಬ ಬಲಗಾಲು ಇಟ್ಟಳು, ಎಡಗಾಲು ಇಟ್ಟಳು. ಆಗಷ್ಟೇ ಹುಟ್ಟಿದ ಕರು ಎದ್ದು ನಿಲ್ಲುವಾಗ ನಡುಗುವಂತೆ ಗಾಡಿ ನಡುಗಿತು. ನಡುಗುತ್ತಿದ್ದದ್ದು ಗಾಡಿಯಲ್ಲ, ತನ್ನ ಮೊಣಕಾಲು ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಕಾಲು ನಡುಗಿದಷ್ಟೂ ಗಾಡಿ ಹಿಂದೆ ಮುಂದೆ ಕುಲುಕುತ್ತಿತ್ತು, ಅದು ಕುಲುಕಿದಷ್ಟೂ ಕಾಲು ನಡುಗುತ್ತಿತ್ತು.

ಭಾವೇಶ್ ಕೈ ಬಿಟ್ಟ.

ಹೆದರಿದವರ ಮೈ ಹಿಂದಕ್ಕೇ ಹೋಗುತ್ತದೆ. ಮಲ್ಲಿಕಾಂಬನ ಮೈಯೂ ಹೋಯಿತು. ಗಾಡಿ ಅವಳ ಮಾತನ್ನು ಕೇಳಿದ ಹಾಗೆ ಸರಸರನೆ ಹಿಂದೆ ಸರಿಯತೊಡಗಿತು. ಹಿಂದೆ ಇದ್ದದ್ದು ಹೊಳೆಗೆ ಇಳಿಯುವ ಮೆಟ್ಟಿಲು. ಬೆಂಚಿನ ಮೇಲಿನ ಹೆಂಗಸರು ಹೋ ಅಂತ ಕಿರುಚಿದರು. ಆ ಕಿರುಚಾಟಕ್ಕೆ ಅವಳು ಇನ್ನಷ್ಟು ಹಿಂದೆ ವಾಲಿದಳು, ಗಾಡಿ ಇನ್ನಷ್ಟು ಬಿರುಸಾಯಿತು. ಭಾವೇಶ್ ಓಡಿಬಂದು ಕಂಬಿ ಹಿಡಿದು ತನ್ನ ಕಡೆ ಜಗ್ಗಿದಾಗ ಚಕ್ರಕ್ಕೂ ಮೊದಲ ಮೆಟ್ಟಿಲಿಗೂ ನಡುವೆ ಒಂದು ಮಾರೂ ಉಳಿದಿರಲಿಲ್ಲ.

"ಡರೋ ಮತ್ ಮಾಜೀ, ಡರೋ ಮತ್," ಅಂದ ಅವನು, ಏದುಸಿರು ಬಿಡುತ್ತ. ಹೆದರಬೇಡಿ ಅನ್ನುವುದು ಅವಳಿಗೆ ಅರ್ಥವಾಯಿತು. ಟಿವಿಯಲ್ಲಿ ಕೇಳಿದ್ದ ಹಿಂದಿ ಅಷ್ಟಕ್ಕೆ ಸಾಕಾಗಿತ್ತು.

ಇಳಿಯುವುದಾಗಿದ್ದರೆ ಆಗಲೇ ಇಳಿಯಬೇಕಿತ್ತು. ಆದರೆ ಬೆಂಚಿನ ಮೇಲೆ ಕೂತವರು ಚಪ್ಪಾಳೆ ತಟ್ಟತೊಡಗಿದ್ದರು. ಅವಳು ಬೇಕೆಂದೇ ಹಿಂದೆ ಹೋಗಿ ಆಟ ತೋರಿಸಿದಳೆಂದು ಅವರು ತಿಳಿದಿದ್ದರು.

ಹೊರಡುವ ಮುಂಚೆ ಭಾವೇಶ್ ಎಲ್ಲರಿಗೂ ಒಂದೊಂದು ದಪ್ಪ ಮಫ್ಲರು ಕೊಟ್ಟ. ಮೇಲೆ ಕೈ ತೋರಿಸಿದ. ಆಕಾಶದ ತುಂಬ ಗಾಳಿಪಟ. ಸಂಕ್ರಾಂತಿಗೆ ಈ ಊರಿನವರು ಚಿಕ್ಕವರು ದೊಡ್ಡವರೆನ್ನದೆ ಪಟ ಹಾರಿಸುತ್ತಾರೆ, ಒಬ್ಬರ ದಾರದಿಂದ ಇನ್ನೊಬ್ಬರ ದಾರ ಕೊಯ್ಯುತ್ತಾರೆ, ಅದಕ್ಕೆ ದಾರಕ್ಕೆ ಗಾಜಿನ ಪುಡಿ ಹಚ್ಚಿರುತ್ತಾರೆ ಎಂದು ಸ್ಫೂರ್ತಿ ಬಿಡಿಸಿ ಹೇಳಿದಳು. "ಕಡಿದು ಬಿದ್ದ ದಾರ ರಸ್ತೆಗೆ ಅಡ್ಡ ಸಿಕ್ರೆ ಕತ್ತೇ ಕೊಯ್ದುಬಿಡುತ್ತಂತೆ. ಬೈಕಿನವರು ಮುಂದೆ ತಂತಿ ಕಟ್ಕೊಂಡು ಓಡಾಡ್ತಾರಂತೆ. ಕುತ್ತಿಗೆಗೆ ಸರಿಯಾಗಿ ಸುತ್ಕೊಳ್ಳಿ."

ಅಲ್ಲಿಯವರೆಗೆ ಮಲ್ಲಿಕಾಂಬನಿಗೆ ನೆಲದ ಭಯವೊಂದೇ ಇತ್ತು. ಈಗ ಮೇಲಿನದೂ ಸೇರಿಕೊಂಡಿತು.

ಗುಡಾರದಿಂದ ಹೊರಟರು. ಮುಂದೆ ಭಾವೇಶ್, ಅವನ ಹಿಂದೆ ಕಾಮಾಕ್ಷಮ್ಮ, ಆಮೇಲೆ ಸ್ಫೂರ್ತಿ, ಕೊನೆಗೆ ಮಲ್ಲಿಕಾಂಬ. ಕಾಮಾಕ್ಷಮ್ಮ ಹುಟ್ಟಿದಾಗಿನಿಂದ ಇದರ ಮೇಲೇ ನಿಂತಿದ್ದವಳಂತೆ ಸಾಗುತ್ತಿದ್ದಳು. ಅವಳ ಕಚ್ಚೆಯ ತುದಿ ಗಾಳಿಗೆ ಪಟಪಟಿಸುತ್ತಿತ್ತು. ಭಾವೇಶ್ ಒಂದೊಂದೇ ತೋರಿಸುತ್ತ ಹೋದ. ಇದು ಹಳೆಯ ಕಬ್ಬಿಣದ ಸೇತುವೆ. ಇದು ನಡೆದು ಹೋಗುವವರಿಗೆಂದೇ ಕಟ್ಟಿದ ಬಣ್ಣದ ಸೇತುವೆ. ಇದೇ ಹೊಳೆಯ ದಂಡೆಯಲ್ಲಿ ಇನ್ನೂ ಮೇಲಕ್ಕೆ ಹೋದರೆ ಗಾಂಧೀಜಿಯ ಆಶ್ರಮ. ಸ್ಫೂರ್ತಿ ಹಿಂದಕ್ಕೆ ತಿರುಗಿ ತಿರುಗಿ ಕನ್ನಡದಲ್ಲಿ ಹೇಳುತ್ತಿದ್ದಳು. ಮಲ್ಲಿಕಾಂಬ ಹೂಂಗುಟ್ಟುತ್ತಿದ್ದಳು. ಅವಳ ಕಣ್ಣು ನೆಟ್ಟಿದ್ದದ್ದು ಚಕ್ರದ ಮುಂದಿನ ಹಾಸುಗಲ್ಲಿನ ಮೇಲೆ. ಒಂದು ಕಲ್ಲು, ಸಂದು, ಇನ್ನೊಂದು ಕಲ್ಲು. ಪ್ರತಿ ಸಂದಿಗೂ ಗಾಡಿ ಟಕ್ ಅನ್ನುತ್ತಿತ್ತು, ಪ್ರತಿ ಟಕ್ಕಿಗೂ ಸೊಂಟದೊಳಗಿನ ಪ್ಲೇಟು ಅಲುಗಿದಂತಾಗುತ್ತಿತ್ತು. ಊರಿಗೆ ಬಂದ ಮೇಲೆ ಅಹಮದಾಬಾದ್ ಹೇಗಿದೆ ಎಂದು ಯಾರಾದರೂ ಕೇಳಿದರೆ ಅವಳಿಗೆ ಹೇಳಲು ಗೊತ್ತಿದ್ದದ್ದು ಆ ಕಲ್ಲುಗಳ ಬಣ್ಣವೊಂದೇ.

ಎಡಕ್ಕೆ ನೀರು. ನೋಡಬಾರದೆಂದುಕೊಂಡರೂ ಕಡೆಗಣ್ಣಿಗೆ ಕಾಣುತ್ತಿತ್ತು. 'ಕೈ ಬಿಟ್ರೆ ಬೀಳ್ತೀನಿ, ಬಿಗಿಯಾಗಿ ಹಿಡ್ಕೊಂಡ್ರೆ ತಿರುಗುತ್ತೆ, ತಿರುಗಿದ್ರೆ ನೀರಿಗೆ. ಶಿವನೇ, ಈ ದಾರಿ ಎಲ್ಲಿಗೆ ಮುಗಿಯುತ್ತೋ.' ಎದುರಿನಿಂದ ನಾಯಿ ಹಿಡಿದುಕೊಂಡು ಯಾರೋ ಬಂದರು. ನಾಯಿ ಬೊಗಳಿತು. ಮಲ್ಲಿಕಾಂಬ ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿಕೊಂಡಳು. ಕಣ್ಣು ತೆರೆದಾಗ ನಾಯಿ ಹಿಂದೆ ಉಳಿದಿತ್ತು, ಗಾಡಿ ಮುಂದೆ ಹೋಗುತ್ತಲೇ ಇತ್ತು. ಬೆನ್ನು ಪೂರ್ತಿ ಒದ್ದೆಯಾಗಿತ್ತು, ಆ ಚಳಿಯಲ್ಲಿ.

ಒಂದು ಕಡೆ ದಾರಿ ಸ್ವಲ್ಪ ಏರಾಗಿತ್ತು. ಅಲ್ಲಿ ಕಾಮಾಕ್ಷಮ್ಮನ ಗಾಡಿ ಪೀಂ ಪೀಂ ಎಂದು ಸದ್ದು ಮಾಡಿ ನಿಂತಿತು. ಅವಳು ಅದನ್ನು ಎಷ್ಟು ಬಿರುಸಾಗಿ ಓಡಿಸಿದ್ದಳೆಂದರೆ ಗಾಡಿಗೇ ಸಾಕಾಗಿರಬೇಕು. ಭಾವೇಶ್ ಇಳಿದು ಅದನ್ನು ನೋಡತೊಡಗಿದ. ಸ್ಫೂರ್ತಿ ಇವರನ್ನು ದಾಟಿ ಮುಂದೆ ಹೋದಳು. ಮಲ್ಲಿಕಾಂಬನಿಗೆ ನಿಲ್ಲಿಸಲು ಬರಲಿಲ್ಲ. ಅವಳ ಗಾಡಿ ಸ್ಫೂರ್ತಿಯ ಹಿಂದೆ ತನ್ನ ಪಾಡಿಗೆ ಉರುಳಿತು.

"ಅಕ್ಕಾ, ಈ ಕಡೆ ನೋಡಿ! ವಿಡಿಯೋ ಮಾಡ್ತೀನಿ," ಅಂದಳು ಸ್ಫೂರ್ತಿ. ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಫೋನು. ವಿಡಿಯೋದಲ್ಲಿ ಮುಖ ಚೆನ್ನಾಗಿ ಕಾಣಲೆಂದು ಮಫ್ಲರನ್ನು ಸಡಿಲಿಸಿ ಹೆಗಲಿಗೆ ಇಳಿಬಿಟ್ಟಿದ್ದಳು. ಮೊಗ ಹಿಂದಕ್ಕೆ ತಿರುಗಿದ್ದರೂ ಗಾಡಿ ಮುಂದೆ ಹೋಗುತ್ತಲೇ ಇತ್ತು.

ವಿಡಿಯೋಗೆಂದು ಮಲ್ಲಿಕಾಂಬ ಕಷ್ಟಪಟ್ಟು ತಲೆ ಎತ್ತಿದಳು. ಹೊರಟಾಗಿನಿಂದ ಅವಳು ನೆಲದಿಂದ ಕಣ್ಣು ಕಿತ್ತದ್ದು ಅದೇ ಮೊದಲು.

ಮೇಲೆ ಒಂದು ಕೆಂಪು ಪಟ ಕಡಿದುಕೊಂಡು ತೂರಾಡುತ್ತ ಇಳಿಯುತ್ತಿತ್ತು. ಮೇಲಿನ ಗೋಡೆಯ ಮೇಲೆ ಜನ ಕೂಗುತ್ತ ಅದರ ಹಿಂದೆ ಓಡುತ್ತಿದ್ದರು. ಅದರ ದಾರ ಎಲ್ಲಿದೆಯೆಂದು ಮೊದಲು ಕಾಣಲಿಲ್ಲ. ಆಮೇಲೆ ಬಿಸಿಲಿಗೆ ಜೇಡರ ಎಳೆ ಹೊಳೆದಂತೆ ಹೊಳೆಯಿತು. ದೀಪದ ಕಂಬಕ್ಕೆ ಸಿಕ್ಕಿಕೊಂಡು, ದಾರಿಗೆ ಅಡ್ಡಲಾಗಿ ಹಾದು, ಗೋಡೆಯ ಮೇಲೆ ಹೋಗಿತ್ತು. ಗೋಡೆಯ ಮೇಲಿದ್ದವರು ಅದನ್ನು ಎಳೆಯುತ್ತಿದ್ದರು. ಜೋತುಬಿದ್ದಿದ್ದ ದಾರ ಬಿಗಿಯುತ್ತ ಬಿಗಿಯುತ್ತ ಮೇಲೆದ್ದು, ಸರಿಯಾಗಿ ಸ್ಫೂರ್ತಿಯ ಕುತ್ತಿಗೆಯ ಮಟ್ಟಕ್ಕೆ ಬಂದು ನಿಂತಿತು.

ನಿಲ್ಲು ಅಂತ ಕೂಗಲು ಮಲ್ಲಿಕಾಂಬ ಬಾಯಿ ತೆರೆದಳು. ಗಂಟಲಿನಿಂದ ಗಾಳಿ ಬಂತು, ದನಿ ಬರಲಿಲ್ಲ. ಕೈ ಬೀಸೋಣವೆಂದರೆ ಹಿಡಿಯಿಂದ ಬೆರಳು ಬಿಚ್ಚಲೊಲ್ಲವು. ಸ್ಫೂರ್ತಿ ನಗುತ್ತ, "ನಗ್ರೀ ಅಕ್ಕಾ," ಅಂದಳು.

ಆಗ ಮಲ್ಲಿಕಾಂಬ ಮುಂದಕ್ಕೆ ವಾಲಿದಳು.

ಯೋಚಿಸಿ ವಾಲಿದ್ದಲ್ಲ. ಬಾವಿಯ ಅಂಚಿನಲ್ಲಿ ಮಗು ಬಗ್ಗಿದ್ದನ್ನು ಕಂಡವರು ಓಡುವ ಹಾಗೆ ಮೈ ತಾನಾಗಿ ಹೋಯಿತು. ಗಾಡಿ ಒಮ್ಮೆಗೇ ಹುಚ್ಚೆದ್ದು ನುಗ್ಗಿತು. ಕಲ್ಲು, ಸಂದು, ಕಲ್ಲು ಎಲ್ಲ ಒಂದಾಗಿ ಕೆಳಗೆ ಹರಿದವು. ಅದೇ ಗಳಿಗೆ. ಅದೇ ರಸ್ತೆ ಜಾರುವ ಗಳಿಗೆ. ಈ ಸಲ ಅದು ಮುಗಿಯದೆ ಎಳೆದುಕೊಂಡೇ ಹೋಯಿತು. 'ಬಿದ್ದೆ, ಬಿದ್ದೆ, ಬಿದ್ದೆ' ಅನ್ನುತ್ತಿತ್ತು ತಲೆ. ಸ್ಫೂರ್ತಿಯ ಪಕ್ಕಕ್ಕೆ ಬಂದದ್ದು, ದಾರಕ್ಕೆ ಅಡ್ಡವಾಗಿ ಬಲಗೈ ಎತ್ತಿದ್ದು, ತನ್ನ ಸ್ವೆಟರಿನ ತೋಳಿಗೆ ಏನೋ ತಾಕಿದ್ದು ಗೊತ್ತಾಯಿತು. ಅಂಗೈಯನ್ನು ಬಿಸಿ ತಂತಿ ಸವರಿಕೊಂಡು ಹೋದಂತಾಯಿತು. ಆಮೇಲೆ ಕಾಲ ಕೆಳಗೆ ಗಾಡಿ ಇರಲಿಲ್ಲ.

ಬಿದ್ದದ್ದು ಎಡಮಗ್ಗುಲಿಗೆ. ಪ್ಲೇಟು ಇದ್ದ ಮಗ್ಗುಲಿಗೆ.

ಕಣ್ಣ ಮುಂದೆ ಹಾಸುಗಲ್ಲು. ಅದರ ಮೇಲೆ ಅವಳ ಕೆನ್ನೆ. ಯಾರದೋ ಕಾಲುಗಳು ಓಡಿಬಂದವು. ಸವಾರರಿಲ್ಲದ ಗಾಡಿ ಎಲ್ಲೋ ಗೋಡೆಗೆ ಗುದ್ದಿ ಮಗುಚಿಕೊಂಡ ಸದ್ದು ಕೇಳಿತು. "ಮುಟ್ಟಬ್ಯಾಡ್ರೀ," ಅಂದಳು ಮಲ್ಲಿಕಾಂಬ. ಈಗ ದನಿ ಬಂದಿತ್ತು. "ಯಾರೂ ನನ್ನ ಮುಟ್ಟಬ್ಯಾಡ್ರೀ."

ಭಾವೇಶ್ ಮುಟ್ಟಲು ಬಂದವನು ಹಿಂದೆ ಸರಿದ. ಅವನ ಮುಖ ಸುಣ್ಣವಾಗಿತ್ತು. ಕಾಮಾಕ್ಷಮ್ಮ ಪಕ್ಕದಲ್ಲಿ ಕುಸಿದು ಕೂತು, "ಅಯ್ಯೋ ನಾನೇ ಹತ್ತಿಸ್ದೆ ಕಣೇ, ನನ್ನ ಬಾಯಿಗೆ ಮಣ್ಣು ಹಾಕ," ಅಂತ ಅಳುತ್ತಿದ್ದಳು. ಮಲ್ಲಿಕಾಂಬನಿಗೆ ಅದೆಲ್ಲ ದೂರದಿಂದ ಕೇಳಿದಂತೆ ಕೇಳುತ್ತಿತ್ತು. ಅವಳ ಪ್ರಾಣವೆಲ್ಲ ಎಡಗಾಲಿನ ಹೆಬ್ಬೆರಳಿನಲ್ಲಿತ್ತು. ಆಡಿಸಿ ನೋಡಬೇಕಿತ್ತು. ಆಡಿದರೆ ಸರಿ. ಆಡದಿದ್ದರೆ ಮತ್ತೆ ಮಂಚ, ಮತ್ತೆ ಬೇರೆಯವರು ಹೊರಳಿಸಬೇಕು, ಮತ್ತೆ ಸೂರು ನೋಡುತ್ತ ಕಾಲ ಕಳೆಯಬೇಕು. ಆಡಿಸಲು ಧೈರ್ಯ ಬರಲಿಲ್ಲ. ಆಡಿಸುವವರೆಗೆ ಕಾಲು ಸರಿಯಿರಲೂಬಹುದಲ್ಲ. ಹಾಗೇ ಬಿದ್ದುಕೊಂಡಳು.

"ಅಕ್ಕಾ, ನಿಮ್ ಕೈ," ಅಂದಳು ಸ್ಫೂರ್ತಿ. ಅವಳು ಮಂಡಿಯೂರಿ ಕೂತಿದ್ದಳು. ಅವಳ ಗದ್ದದ ಕೆಳಗೆ ಕೂದಲೆಳೆಯಷ್ಟು ತೆಳುವಾಗಿ ಒಂದು ಕೆಂಪು ಗೆರೆ ಮೂಡಿತ್ತು. ಹೆಲ್ಮೆಟ್ಟಿನ ಪಟ್ಟಿ ಅರ್ಧ ಕೊಯ್ದು ಜೋತಾಡುತ್ತಿತ್ತು. ಅವಳು ತನ್ನ ಮಫ್ಲರು ತೆಗೆದು ಮಲ್ಲಿಕಾಂಬನ ಬಲಗೈಗೆ ಸುತ್ತತೊಡಗಿದಳು. ಸುತ್ತುತ್ತಿದ್ದಂತೆ ಅದು ಕೆಂಪಾಗುತ್ತಿತ್ತು.

ಆ ಕೆಂಪು ನೋಡಿದ ಮೇಲೆಯೇ ಮಲ್ಲಿಕಾಂಬ ಹೆಬ್ಬೆರಳು ಆಡಿಸಿದಳು. ಆಡಿತು. ಪಾದ ಆಡಿತು. ಮೊಣಕಾಲು ಮಡಿಸಿದಳು. ನೋವಿತ್ತು, ಆದರೆ ಮಡಿಯಿತು. ಅವಳು ಆಗ ಅತ್ತಳು. ಅಷ್ಟರಲ್ಲಿ ಬೆಂಚು ಬಿಟ್ಟು ಓಡಿಬಂದಿದ್ದ ಡೇರಿಯ ಹೆಂಗಸರು ಅವಳು ಅತ್ತದ್ದನ್ನು ಕಂಡದ್ದು ಅದೇ ಮೊದಲು. ಕೈ ನೋವಿಗೆ ಅಳುತ್ತಿದ್ದಾಳೆಂದು ಅವರು ಸಮಾಧಾನ ಹೇಳಿದರು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಪ್ಲೇಟು ಇದ್ದ ಕಡೆಯೇ ಇತ್ತು. ಸೊಂಟದ ಮೇಲೆ ನೇರಳೆ ಬಣ್ಣದ ಬಾವು ಬಂದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಕೈ ಮಾತ್ರ ಕೆಟ್ಟಿತ್ತು. ದಾರ ಸ್ವೆಟರಿನ ತೋಳು ಸೀಳಿ, ಅಂಗೈಯ ಅಂಚಿನಲ್ಲಿ ಆಳವಾಗಿ ಇಳಿದು, ಕಿರುಬೆರಳನ್ನು ಮಡಿಸುವ ನರ ಕೊಯ್ದಿತ್ತು. ಹೊಲಿಗೆ ಹಾಕುವಾಗ ಸ್ಫೂರ್ತಿ ಅವಳ ಎಡಗೈ ಹಿಡಿದು ಕೂತಿದ್ದಳು.

"ಎಷ್ಟು ಧೈರ್ಯ ಅಕ್ಕಾ ನಿಮ್ದು," ಅಂದಳು. "ನಾನಾಗಿದ್ರೆ ಹಂಗೆ ನುಗ್ತಾನೇ ಇರ್ಲಿಲ್ಲ."

ಸೂಜಿ ಒಳಗೆ ಹೋಗಿ ಹೊರಗೆ ಬಂತು.

"ಧೈರ್ಯ ಅಲ್ಲ ಕಣವ್ವಾ," ಅಂದಳು ಮಲ್ಲಿಕಾಂಬ. ಮೇಡಂ ಅನ್ನುವುದು ಮರೆತೇ ಹೋಗಿತ್ತು. "ಹತ್ತಿದಾಗಿಂದ ಇಳಿಯೋವರ್ಗೂ ನಂಗೆ ಜೀವ ಹೋದಂಗೆ ಆಗಿತ್ತು. ಹುರುಳಿ ಮ್ಯಾಲೆ ಜಾರಿ ಬಿದ್ದೋಳು ನಾನು. ಸೊಂಟದಾಗೆ ಕಬ್ಣ ಐತೆ. ಬೈಕು ಪಕ್ಕ ಬಂದ್ರೆ ನಂಗೆ ಕಾಲು ಕುಸೀತವೆ."

ಸ್ಫೂರ್ತಿ ಅವಳ ಮುಖ ನೋಡಿದಳು. "ಮತ್ತೆ ಯಾಕಕ್ಕಾ ಹತ್ತಿದ್ರಿ? ಬ್ಯಾಡ ಅಂದಿದ್ರೆ ಯಾರು ಏನಂತಿದ್ರು?"

"ಯಾರೂ ಏನೂ ಅಂತಿರ್ಲಿಲ್ಲ," ಅಂದಳು ಮಲ್ಲಿಕಾಂಬ. "ಅದು ಈಗ ಹೊಳೀತೈತೆ."

ರೈಲಿನಲ್ಲಿ ಬರುವಾಗ ಅವಳಿಗೆ ಕೆಳಗಿನ ಸೀಟು ಬಿಟ್ಟುಕೊಟ್ಟರು. ಕಣ್ಣು ಮುಚ್ಚಿದರೆ ಸಾಕು, ಗಾಡಿ ಹಿಂದಕ್ಕೆ ಸರಿಯತೊಡಗುತ್ತಿತ್ತು, ಹಿಂದೆ ಮೆಟ್ಟಿಲು, ಮೆಟ್ಟಿಲ ಕೆಳಗೆ ನೀರು. ಬೆಚ್ಚಿ ಏಳುತ್ತಿದ್ದಳು. ಕಾಮಾಕ್ಷಮ್ಮ ತಾನು ಮಲಗದೆ ಎದುರಿಗೆ ಕೂತು, ಎದ್ದಾಗಲೆಲ್ಲ ನೀರು ಕುಡಿಸುತ್ತಿದ್ದಳು. ಸುರಂಗ ಬಂದಾಗ ಈ ಸಲ ಅವಳು ಕೂಗಲಿಲ್ಲ.

ಬೀರೂರಿನಲ್ಲಿ ರುದ್ರಮೂರ್ತಿ ಆಟೋ ತಂದು ಕಾಯುತ್ತಿದ್ದ. ಮಾತು ಕಮ್ಮಿಯ ಮನುಷ್ಯ. ಕೈಯ ಬ್ಯಾಂಡೇಜು ನೋಡಿದ, ನಡಿಗೆ ನೋಡಿದ. ಆಟೋದಲ್ಲಿ ಕೂತ ಮೇಲೆ ಮೆಲ್ಲಗೆ ಕೇಳಿದ.

"ಬಾಳ ಹೆದ್ರಿಕೆ ಆಯ್ತಾ ಮಲ್ಲಿ?"

"ಆಯ್ತು ಕಣ್ರೀ. ಈಗ್ಲೂ ಆಗ್ತಾ ಐತೆ."

ಅವನು ಆಟೋದವನಿಗೆ, "ಮೆತ್ತಗೆ ಹೊಡಿಯಪ್ಪಾ," ಅಂದ.

ಊರಿಗೆ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಸ್ಫೂರ್ತಿಯ ಫೋನಿನ ವಿಡಿಯೋ ಎಲ್ಲರ ಫೋನಿನಲ್ಲೂ ಇತ್ತು. ಅದರಲ್ಲಿ ಮಲ್ಲಿಕಾಂಬ ಕಲ್ಲಿನಂತೆ ಮುಖ ಮಾಡಿಕೊಂಡು ದೂರದಲ್ಲಿ ಬರುತ್ತಿರುತ್ತಾಳೆ, ಒಮ್ಮೆಗೇ ಮುಂದೆ ನುಗ್ಗುತ್ತಾಳೆ, ಆಮೇಲೆ ಬರಿಯ ಆಕಾಶ ಕಾಣುತ್ತದೆ. ಜನ ಅದನ್ನು ಮತ್ತೆ ಮತ್ತೆ ನೋಡಿ, "ಹೇಳ್ಲಿಲ್ವೇನೋ, ಆ ಯಮ್ಮಂಗೆ ಹೆದ್ರಿಕೆ ಇಲ್ಲ ಅಂತ," ಅಂದುಕೊಂಡರು. ಡೇರಿಯ ಮುಂದೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಮಾತಾಡು ಅಂದಾಗ ಅವಳು ಮೈಕು ಹಿಡಿದು, ತನಗೆ ಎಷ್ಟು ಹೆದರಿಕೆಯಾಗಿತ್ತೆಂದು ಇದ್ದದ್ದು ಇದ್ದಂತೆ ಹೇಳಿದಳು. ಯಾರೂ ನಂಬಲಿಲ್ಲ. ದೊಡ್ಡವರು ಹೀಗೇ ತಮ್ಮನ್ನು ತಾವು ಸಣ್ಣದು ಮಾಡಿಕೊಂಡು ಮಾತಾಡುತ್ತಾರೆಂದು ಚಪ್ಪಾಳೆ ತಟ್ಟಿದರು.

ಕೈಯ ಗಾಯ ಮಾಯಿತು. ಕಿರುಬೆರಳು ಮಾತ್ರ ಮಡಿಯದೆ ನೆಟ್ಟಗೆ ಉಳಿಯಿತು. ಸಣ್ಣ ಬೆರಳು, ಹೋದರೆ ಹೋಯಿತು ಅಂದುಕೊಂಡಿದ್ದಳು. ಹಾಲು ಕರೆಯಲು ಕೂತಾಗ ಗೊತ್ತಾಯಿತು. ಮೊಲೆಯ ತುದಿಗೆ ಕೊನೆಯ ಒತ್ತು ಕೊಡುವುದು ಆ ಬೆರಳೇ. ಅದು ಆಡದೆ ಹಾಲು ಸರಿಯಾಗಿ ಇಳಿಯುತ್ತಿರಲಿಲ್ಲ, ನೆಟ್ಟಗಿನ ಬೆರಳು ಕೆಚ್ಚಲಿಗೆ ಚುಚ್ಚಿ ಹಸು ಕಾಲು ಝಾಡಿಸುತ್ತಿತ್ತು.

ರುದ್ರಮೂರ್ತಿ ಎರಡು ದಿನ ನೋಡಿದ. ಮೂರನೆಯ ದಿನ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ, ಬಕೆಟ್ಟು ಹಿಡಿದು ಕೊಟ್ಟಿಗೆಗೆ ಬಂದ. ಆ ಮನೆಯ ಗಂಡಸರು ಯಾರೂ ಹಾಲು ಕರೆದವರಲ್ಲ. ಚಿಕ್ಕವನಿದ್ದಾಗ ಎಮ್ಮೆಯೊಂದು ಒದ್ದು ಗೋಡೆಗೆ ಎಸೆದಿದ್ದರಿಂದ ಅವನು ಕೊಟ್ಟಿಗೆಯ ಬಾಗಿಲು ದಾಟಿ ಒಳಗೆ ಬರುತ್ತಿದ್ದದ್ದೇ ಅಪರೂಪ. ಮದುವೆಯಾದಾಗಿನಿಂದ ಮಲ್ಲಿಕಾಂಬ ಇದನ್ನು ಕಂಡಿದ್ದಳು, ಕಾಣದವಳಂತೆ ಇದ್ದಳು.

ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತವನ ಕತ್ತಿನ ನರ ಉಬ್ಬಿತ್ತು. ಕೈ ಮುಂದೆ ಚಾಚಿ ಮತ್ತೆ ಹಿಂದೆ ಎಳೆದುಕೊಂಡ.

"ಒದೀತದೇನೇ?"

"ಒದ್ರೂ ಒದೀಬೌದು," ಅಂದಳು ಮಲ್ಲಿಕಾಂಬ. ಹಸುವಿನ ತಲೆಯನ್ನು ಎದೆಗೆ ಒತ್ತಿಕೊಂಡು, ಎಡಗೈಯಲ್ಲಿ ಅದರ ಕತ್ತಿನ ಕೆಳಗಿನ ಗಂಗೆದೊಗಲು ನೀವತೊಡಗಿದಳು. "ನಾನು ಹಿಡ್ಕೊಂಡಿದೀನಿ. ನೀವು ಕರೀರಿ."

ರುದ್ರಮೂರ್ತಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೈ ಹಾಕಿದ. ಹಾಲಿನ ಮೊದಲ ಸೆಳೆ ಬಕೆಟ್ಟಿಗೆ ಬೀಳದೆ ಅವನ ಮೊಣಕಾಲಿಗೆ ಹಾರಿತು.